ಸಂಜೆ ಓದುತ್ತೇನೆ, ಅಮ್ಮಮ್ಮ

ನಮ್ಮ ಪಕ್ಕದ ಮನೆಯ ಅಮ್ಮಮ್ಮನಿಗೆ ಮಲೆಯಾಳ ಓದಲು ಬರುವುದಿಲ್ಲ. ಕುಂಬಳೆ, ಸೀತಾಂಗೋಳಿ ಕಡೆಯ ಅವರ ವಯಸ್ಸಿನ ಬಹಳ ಮಂದಿಗೆ ಬರುವುದಿಲ್ಲ. ಅವರು ಶಾಲೆಗೆ ಹೋದದ್ದು 1956ಕ್ಕಿಂತ ಮೊದಲು, ನಮ್ಮ ಕಾಸರಗೋಡು ಕೇರಳಕ್ಕೆ ಸೇರದೆ ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ. ಕಲಿತದ್ದು ಕನ್ನಡ ಅಕ್ಷರ. ಈಗ ಮನೆಗೆ ಬರುವ ಕಾಗದಗಳೆಲ್ಲ ಮಲೆಯಾಳದವು. ಅವರಿಗೆ ಕನ್ನಡದಲ್ಲೇ ಬರಬೇಕಿತ್ತು ಎನ್ನುವುದು ನಾನು ಬಿಡದೆ ಆಡುವ ಇನ್ನೊಂದು ಜಗಳ, ಇವತ್ತಿನದಲ್ಲ.

ಎರಡು ವರ್ಷದ ಹಿಂದೆ ಒಂದು ಸೋಮವಾರ ಬೆಳಗ್ಗೆ ಅವರು ಗೇಟಿನ ಹತ್ತಿರ ಕಾಗದವೊಂದನ್ನು ಹಿಡಿದು ನಿಂತಿದ್ದರು. "ಮಗಳೇ, ಇದರಲ್ಲಿ ಏನಿದೆ ಎಂದು ಒಮ್ಮೆ ನೋಡಿ ಹೇಳುತ್ತೀಯಾ?" ನಾನು ಕುಂಬಳೆಯಲ್ಲಿ ಮಂಗಳೂರಿನ ರೈಲು ಹಿಡಿಯಬೇಕಿತ್ತು. "ಸಂಜೆ ಓದುತ್ತೇನೆ, ಅಮ್ಮಮ್ಮ" ಎಂದೆ. ಸಂಜೆ ಮರೆಯಿತು. ಮಂಗಳವಾರವೂ ಅದೇ ಮಾತು, ಬುಧವಾರವೂ. ಗುರುವಾರ ಅವರು ಕೇಳಲಿಲ್ಲ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿಟ್ಟುಕೊಂಡು ಸುಮ್ಮನೆ ನಿಂತಿದ್ದರು. ನಾನು ಕೈಬೀಸಿ ಓಡಿದೆ.

ಭಾನುವಾರ ಓದಿದೆ. ಪಿಂಚಣಿ ಮುಂದುವರಿಯಲು ಒಂದು ದಾಖಲೆ ಕೊಡಬೇಕಿತ್ತು, ಕೊನೆಯ ದಿನ ಹಿಂದಿನ ದಿನವೇ ಮುಗಿದಿತ್ತು. ಮೂರು ತಿಂಗಳು ಅವರಿಗೆ ದುಡ್ಡು ಬರಲಿಲ್ಲ. ಎರಡು ದಿನ ರಜೆ ಹಾಕಿ ನಾನೇ ಓಡಾಡಿ ಸರಿಮಾಡಿಸಿದೆ, ಅದು ದೊಡ್ಡ ಮಾತಲ್ಲ. ಅವರು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ ಎನ್ನುವುದೇ ನನ್ನನ್ನು ಸುಟ್ಟದ್ದು. "ನಿನಗೆಲ್ಲಿ ಪುರುಸೊತ್ತು, ಪಾಪ" ಎಂದರು.

ನಮ್ಮಲ್ಲಿ ಈಗ "ಪುರುಸೊತ್ತಿಲ್ಲ" ಎನ್ನುವುದು ಬಿರುದಿನ ಹಾಗೆ. ಪುರುಸೊತ್ತಿದೆ ಎನ್ನಲು ನಾಚಿಕೆ. ತಲಪಾಡಿಯಿಂದ ಚೆಂಗಳದವರೆಗಿನ ಹೆದ್ದಾರಿ ಅಗಲವಾಯಿತು, ವಾಹನಗಳು ಮೊದಲಿಗಿಂತ ವೇಗವಾಗಿ ಓಡುತ್ತಿವೆ. ಉಳಿದ ನಿಮಿಷಗಳು ಯಾರ ಮನೆಯಲ್ಲಿವೆ? ನಮ್ಮ ಮನೆಯಲ್ಲಂತೂ ಇಲ್ಲ. ಉಳಿದ ಹತ್ತು ನಿಮಿಷಕ್ಕೆ ಹದಿನೈದು ನಿಮಿಷದ ಕೆಲಸವನ್ನು ತುಂಬಿದೆವು.

ನಾನು ಮಂಗಳೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಆಗ ರಾತ್ರಿ ಮನೆಗೆ ಬಂದು ಇಬ್ಬರು ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕವನ್ನೂ ಬರೆಯುತ್ತಿದ್ದೆ. ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲ್, ರಾತ್ರಿ ಹತ್ತಕ್ಕೂ ಕಚೇರಿಯ ವಾಟ್ಸ್‌ಆ್ಯಪ್. 38ನೆಯ ವಯಸ್ಸಿಗೆ ರಕ್ತದೊತ್ತಡದ ಮಾತ್ರೆ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿದ ಮಾತನ್ನು ಓದಿದ್ದು ಆಮೇಲೆ: ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ನನ್ನ ಗಂಟೆಗಳನ್ನು ಕೂಡಿಸಿ ನೋಡಿದೆ. ಮನೆಯ ಅಡುಗೆ, ಪ್ರಯಾಣ ಬಿಟ್ಟೇ 60 ದಾಟಿತ್ತು.

ಆದರೆ ಇನ್ನೊಂದು ಸಂಗತಿ ನನ್ನನ್ನು ಅದಕ್ಕಿಂತ ಹೆಚ್ಚು ಕಲಕಿತು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬವರು ಪಾದ್ರಿಗಳಾಗಲು ಓದುತ್ತಿದ್ದ ನಲವತ್ತು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಪಕ್ಕದ ಕಟ್ಟಡಕ್ಕೆ ಕಳುಹಿಸಿದರು. ದಾರಿಯಲ್ಲಿ ಒಬ್ಬ ಮನುಷ್ಯ ನರಳುತ್ತ ಕುಸಿದು ಕುಳಿತಿದ್ದ. ತಡವಾಗಿದೆ, ಬೇಗ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ನೆರವಿಗೆ ನಿಂತವರು ನೂರಕ್ಕೆ ಹತ್ತು. ಸಮಯವಿದೆ ಎಂದು ಹೇಳಿಸಿಕೊಂಡವರಲ್ಲಿ 63. ಅವರಲ್ಲಿ ಕೆಲವರು ಹೋಗುತ್ತಿದ್ದದ್ದೇ ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಕಥೆಯ ಬಗ್ಗೆ ಮಾತನಾಡಲು. 1973ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದುವಾಗ ನನಗೆ ಕಂಡದ್ದು ನಮ್ಮ ಗೇಟು. ಅವರು ಕೆಟ್ಟವರಾಗಿರಲಿಲ್ಲ, ನಾನೂ ಕೆಟ್ಟವಳಲ್ಲ. ಆದರೆ ನನ್ನ ಧಾವಂತದ ಬೆಲೆಯನ್ನು ಕೊಟ್ಟದ್ದು ಗೇಟಿನಲ್ಲಿ ನಿಂತವರು. ಇದನ್ನು ಯಾವ ಸಮಯಪಾಲನೆಯ ವೀಡಿಯೊವೂ ನನಗೆ ಹೇಳಿಕೊಡಲಿಲ್ಲ. ಅವು ಹೇಳಿಕೊಟ್ಟದ್ದು ಅದೇ ಚೀಲಕ್ಕೆ ಇನ್ನಷ್ಟು ತುರುಕುವುದನ್ನು.

ಅವಸರವೇ ಪಾಪ ಎಂದು ನಾನು ಹೇಳುತ್ತಿಲ್ಲ. ಅಡಿಕೆ ಕೃಷಿಕರ ಮನೆಯಲ್ಲಿ ಬೆಳೆದವಳಿಗೆ ಅವಸರದ ರುಚಿ ಗೊತ್ತಿದೆ. ಅಂಗಳದಲ್ಲಿ ಹರವಿದ ಹಣ್ಣಡಿಕೆ ಚೆನ್ನಾಗಿ ಒಣಗಿ ಚಾಲಿಯಾಗಲು ಸುಮಾರು ನಲವತ್ತು ದಿನದ ಬಿಸಿಲು ಬೇಕು. ಅಪ್ಪ ಆಗಾಗ ಕಾಲಿನಲ್ಲಿ ಸರಿಸಿ ಅಡಿಕೆಯನ್ನು ಮಗುಚುತ್ತಿದ್ದರು, ಅಷ್ಟೇ. ಬೇಗ ಒಣಗು ಎಂದು ಅಡಿಕೆಗೆ ಹೇಳುವವರಿಲ್ಲ. ಅರ್ಧ ಒಣಗಿದ್ದನ್ನು ಗೋಣಿಗೆ ತುಂಬಿದರೆ ಬೂಸ್ಟು ಹಿಡಿಯುತ್ತದೆ. ಆದರೆ ಡಿಸೆಂಬರಿನಲ್ಲಿ ಹೊತ್ತಲ್ಲದ ಹೊತ್ತಿಗೆ ಮೋಡ ಕಟ್ಟಿತೆಂದರೆ ಮನೆಯವರೆಲ್ಲ ಬಿದ್ದೆದ್ದು ಓಡುತ್ತಿದ್ದೆವು. ಕೈಗೆ ಸಿಕ್ಕಿದ ಬುಟ್ಟಿ, ಟಾರ್ಪಾಲು, ಒಲೆಯ ಮೇಲಿಟ್ಟದ್ದನ್ನು ಬಿಟ್ಟು ಬಂದ ಅಮ್ಮ, ಕರೆಯದೆಯೇ ಬೇಲಿ ದಾಟಿ ಬಂದ ಇದೇ ಅಮ್ಮಮ್ಮ. ಹತ್ತು ನಿಮಿಷ ಎದೆ ಡವಡವ. ಆಮೇಲೆ ಜಗಲಿಯಲ್ಲಿ ಎಲ್ಲರೂ ಕುಳಿತು, ಸುರಿಯುವ ಮಳೆ ನೋಡುತ್ತ ಬೆಲ್ಲದ ಕಾಫಿ ಕುಡಿಯುತ್ತಿದ್ದೆವು. ಆ ಹೊತ್ತಿಗೆ ಎದೆಬಡಿತ ತಾನಾಗಿಯೇ ಇಳಿದಿರುತ್ತಿತ್ತು.

ಅಪಾಯ ಕಂಡಾಗ ದೇಹ ಅಡ್ರಿನಲಿನ್ ಸುರಿಸುವುದು, ಗುಂಡಿಗೆ ಬಡಿತ ಏರುವುದು ಇಂಥ ಓಟಕ್ಕಾಗಿಯೇ. ಅಪಾಯ ಕಳೆದ ಮೇಲೆ ಅದು ಇಳಿಯಬೇಕು. ನನ್ನ ಕಚೇರಿಯ ಬದುಕಿನಲ್ಲಿ ಮೋಡ ಕಟ್ಟಿಯೇ ಇರುತ್ತಿತ್ತು, ಮಳೆಯೂ ಬರುತ್ತಿರಲಿಲ್ಲ, ಜಗಲಿಯೂ ಸಿಗುತ್ತಿರಲಿಲ್ಲ. ಬುಟ್ಟಿ ಹಿಡಿದು ವರ್ಷಗಟ್ಟಲೆ ಅಂಗಳದಲ್ಲಿ ಓಡುತ್ತಲೇ ಇದ್ದೆ.

ನಾನು ಬಿಟ್ಟದ್ದು ಆ ಜಿಎಸ್‌ಟಿ ಲೆಕ್ಕವನ್ನು. ತಿಂಗಳಿಗೆ ಬರುತ್ತಿದ್ದ ಆರು ಸಾವಿರ ಹೋಯಿತು, ಅದು ನಮಗೆ ಸಣ್ಣ ಮೊತ್ತವಲ್ಲ. ಮಗನಿಗೆ ಕೊಡಿಸುತ್ತೇನೆ ಎಂದಿದ್ದ ಸೈಕಲ್ ಒಂದು ವರ್ಷ ಮುಂದಕ್ಕೆ ಹೋಯಿತು. ರಾತ್ರಿ ಎಂಟರ ನಂತರ ಕಚೇರಿಯ ಸಂದೇಶ ನೋಡುವುದಿಲ್ಲ ಎಂದು ಮೇಲಿನವರಿಗೆ ಹೇಳಿದೆ. ಮೊದಲ ತಿಂಗಳು ಮುಖ ಗಂಟಿಕ್ಕಿದರು, ಈಗ ಅಭ್ಯಾಸವಾಗಿದೆ. ಎಲ್ಲರಿಗೂ ಇದು ಸಾಧ್ಯವಿಲ್ಲ ಎಂದು ಬಲ್ಲೆ. ದಿನಗೂಲಿಯವರಿಗೆ, ಎರಡು ಪಾಳಿ ಮಾಡುವ ದಾದಿಯರಿಗೆ "ನಿಧಾನವಾಗಿ ಬದುಕಿ" ಎನ್ನುವ ಹಕ್ಕು ನನಗಿಲ್ಲ; ಅವರ ಸಂಬಳ ಏರಬೇಕು, ಪಾಳಿ ಇಳಿಯಬೇಕು. ನಾನು ಮಾತನಾಡುತ್ತಿರುವುದು ಬಿಡಬಹುದಾಗಿದ್ದೂ ಬಿಡದೆ ಅಪ್ಪಿಕೊಂಡಿರುವ ನನ್ನಂಥವರೊಡನೆ. ಸಾಲ ತೀರಿದ ಮೇಲೂ ಸಾಲಗಾರರ ಹಾಗೆ ಓಡುವವರೊಡನೆ.

ಇಷ್ಟಾಗಿಯೂ ಬೆಳಗ್ಗೆ ಎದೆ ಓಡುವುದು ಪೂರ್ತಿ ನಿಂತಿಲ್ಲ. ಮೊದಲ ಕೆಲವು ತಿಂಗಳು ಖಾಲಿ ಸಂಜೆಗಳು ಹೆದರಿಸುತ್ತಿದ್ದವು, ಕೈ ತಾನಾಗಿ ಮೊಬೈಲಿಗೆ ಹೋಗುತ್ತಿತ್ತು. ಈಗ ರೈಲಿಗೆ ಇಪ್ಪತ್ತು ನಿಮಿಷ ಮೊದಲೇ ಮನೆ ಬಿಡುತ್ತೇನೆ. ಆ ಇಪ್ಪತ್ತು ನಿಮಿಷ ಗೇಟಿನದು.

ಮೊನ್ನೆ ಅಮ್ಮಮ್ಮ ಕರೆಂಟು ಬಿಲ್ಲು ಹಿಡಿದು ನಿಂತಿದ್ದರು. ಮೊತ್ತವನ್ನು, ಕಟ್ಟಬೇಕಾದ ದಿನವನ್ನು ಓದಿ ಹೇಳಿದೆ. ಅಂಕಿಗಳನ್ನು ಓದಲು ಅವರಿಗೆ ಬರುತ್ತದೆ, ಇಷ್ಟು ವರ್ಷ ಬಿಲ್ಲನ್ನು ಅವರೇ ನೋಡಿ ಕಟ್ಟಿಸಿದವರು. ಅದು ನನಗೂ ಗೊತ್ತು. ಬಿಲ್ಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸಳೆ ಚಪ್ಪರದ ತುಂಬ ಹಬ್ಬಿದೆ, ಸಂಜೆ ಬರುವಾಗ ಒಳಗೆ ಬಂದು ಸ್ವಲ್ಪ ಹೊತ್ತು ಕುಳಿತು ಹೋಗು, ಕೊಯ್ದು ಇಟ್ಟಿರುತ್ತೇನೆ ಎಂದರು.

ಹೋದೆ. ಮನೆಗೆ ಬಂದಾಗ ಎಂಟೂವರೆಯಾಗಿತ್ತು.