ಲೈಟ್ ಬಿಚ್ಚೋಕೂ ಒಂದು ಮುಹೂರ್ತ

ದೀಪಾವಳಿಗೆ ಸೀರಿಯಲ್ ಸೆಟ್ ಕಟ್ಟೋಕೆ ಎಲ್ಲರ ಮನೆಯಲ್ಲೂ ಒಂದು ದಿನ ಗೊತ್ತಾಗಿರುತ್ತದೆ. ನೀರು ತುಂಬುವ ಹಬ್ಬದ ಸಂಜೆ, ಹಂಡೆ ತೊಳೆದು ಪೂಜೆ ಆಗುತ್ತಿದ್ದ ಹಾಗೆ ಗಂಡಸರನ್ನು ಏಣಿ ಹತ್ತಿಸುತ್ತಾರೆ. ಆದರೆ ಬಿಚ್ಚೋ ದಿನ ಯಾವುದು? ಅಮ್ಮನ ಪಂಚಾಂಗದಲ್ಲಿ ಕ್ಷೌರಕ್ಕೆ ಯಾವ ವಾರ ಒಳ್ಳೇದು ಅಂತ ಕೂಡ ಇದೆ. ಇದಕ್ಕಿಲ್ಲ.

ನಾನು ಚಿಕ್ಕವನಿದ್ದಾಗ ಈ ತಲೆನೋವು ಇರಲಿಲ್ಲ. ಬಲ್ಬೇ ತೀರ್ಮಾನ ಮಾಡುತ್ತಿತ್ತು. ಆಗಿನವು ಕಡ್ಲೆಕಾಯಿ ಗಾತ್ರದ 6 ವೋಲ್ಟಿನ ಬಲ್ಬುಗಳು. ಸುಮಾರು 40 ಬಲ್ಬನ್ನು ಒಂದರ ಹಿಂದೆ ಒಂದು ಪೋಣಿಸಿದರೆ ಮನೆ ಕರೆಂಟಿನ 230 ವೋಲ್ಟಿಗೆ ಸರಿಹೋಗುತ್ತಿತ್ತು. ಅದರಲ್ಲಿ ಒಂದು ಸತ್ತರೆ ಸಾಲಿಗೆ ಸಾಲೇ ಕತ್ತಲು. ಅಪ್ಪ ಟೆಸ್ಟರ್ ಹಿಡಿದು, ಸತ್ತಿದ್ದು ಯಾವುದು ಅಂತ ಒಂದೊಂದನ್ನೇ ಅಲ್ಲಾಡಿಸುತ್ತಾ ಹೋಗುತ್ತಿದ್ದರು. ಬಲಿಪಾಡ್ಯಮಿ ರಾತ್ರಿ ಹೊತ್ತಿಗೆ ತಾಳ್ಮೆ ಮುಗಿದು, "ಹಾಳಾಗ್ ಹೋಗ್ಲಿ" ಅಂತ ಕಿತ್ತು ಅಟ್ಟಕ್ಕೆ ಎಸೆಯುತ್ತಿದ್ದರು. ಹಬ್ಬವೂ ಅಷ್ಟಕ್ಕೇ, ಲೈಟೂ ಅಷ್ಟಕ್ಕೇ.

ಈಗಿನ ಎಲ್‌ಇಡಿ ಸಾಯುವುದೇ ಇಲ್ಲ, ಅದೇ ತೊಂದರೆ. ತುಮಕೂರಿನ ಮಂಡಿಪೇಟೆಯಿಂದ ಈ ಸಲ ಎರಡು ಸೆಟ್ ತಂದಿದ್ದೆ. ಜೊತೆಗೆ ಎಂಟು ಥರ ಮಿನುಗಿಸುವ ಗುಂಡಿ ಇರೋ ಒಂದು ಡಬ್ಬಿ. ಒಂದು ದಿನ ಸೈಕ್ಲೋನ್ ಮಳೆ ಹಿಡಿದುಕೊಂಡಿತು. ಡಬ್ಬಿಗೆ ನೀರು ಹೋಗಿ ಗುಂಡಿ ಕಚ್ಚಿಕೊಂಡಿತು. ಅದೂ ಎಲ್ಲಕ್ಕಿಂತ ಜೋರಾಗಿ ಮಿನುಗುವ ಕಡೆಗೇ. ಅಂದಿನಿಂದ ನಮ್ಮ ಮನೆ ಕ್ಯಾತ್ಸಂದ್ರದ ಆ ಗಲ್ಲಿಯಲ್ಲಿ ನಿಂತ ಆ್ಯಂಬುಲೆನ್ಸ್ ಥರ ಕಾಣುತ್ತಿತ್ತು.

ಪಾಡ್ಯಮಿ ಮಾರನೇ ದಿನವೇ ಏಣಿ ತಂದೆ. ಅಮ್ಮ ಬಾಗಿಲಲ್ಲಿ ನಿಂತು, "ಲೋ, ತುಳಸಿ ಹಬ್ಬ ಇಟ್ಕೊಂಡು ಯಾರಾದ್ರೂ ದೀಪ ತೆಗೀತಾರಾ?" ಅಂದರು. ಸರಿ, ದ್ವಾದಶಿ ತನಕ ಇರಲಿ. ಅದಾದ ಮೇಲೆ ಕಾರ್ತಿಕ ಸೋಮವಾರಗಳು ಬಂದವು. ಕಡೇ ಸೋಮವಾರ ಕಳೆಯೋ ಹೊತ್ತಿಗೆ ಏಣಿ ಕೊಟ್ಟಿದ್ದವರು ಏಣಿ ತಗೊಂಡು ಹೋದರು.

ಹೆಂಡತಿಯದು ಬೇರೆ ಲೆಕ್ಕ. ಗೃಹಜ್ಯೋತಿ ಬಂದ ಮೇಲೆ ಅವಳಿಗೆ ಮೀಟರ್ ಮೇಲೊಂದು ಕಣ್ಣು. "ರೀ, ನಿಮ್ಮ ಲೈಟಿಂದ ಸೊನ್ನೆ ಬಿಲ್ ಹೋದ್ರೆ ನೀವೇ ಕಟ್ಬೇಕು" ಅಂದಳು. ನಾನು ಕ್ಯಾಲೆಂಡರ್ ಹಿಂದೆ ಲೆಕ್ಕ ಬರೆದು ತೋರಿಸಿದೆ. ಎರಡೂ ಸೆಟ್ ಸೇರಿ 10 ವ್ಯಾಟ್ ಅಂದುಕೋ. ದಿನಕ್ಕೆ 6 ಗಂಟೆ. ತಿಂಗಳಿಗೆ 2 ಯೂನಿಟ್ ಕೂಡ ಆಗಲ್ಲ. ಆ ಲೆಕ್ಕದಲ್ಲಿ ಗೆದ್ದಿದ್ದೇ ನಾನು ಮಾಡಿದ ತಪ್ಪು. ಅವತ್ತೇ ಸೋತಿದ್ದರೆ ಡಿಸೆಂಬರ್‌ನಲ್ಲೇ ಎಲ್ಲ ಮುಗಿಯುತ್ತಿತ್ತು.

ಕ್ರಿಸ್‌ಮಸ್ ಬಂತು. ಊರೆಲ್ಲ ನಕ್ಷತ್ರ ತೂಗುವಾಗ ನಮ್ಮದೊಂದು ಕಣ್ಣಿಗೆ ಬೀಳಲಿಲ್ಲ. ಕ್ರೈಸ್ತ ಗೆಳೆಯರೊಬ್ಬರನ್ನು ಕೇಳಿದೆ, ನೀವು ಯಾವಾಗ ಇಳಿಸ್ತೀರಿ ಅಂತ. ಜ್ಞಾನಿಗಳು ಬಾಲ ಏಸುವನ್ನು ನೋಡೋಕೆ ಬಂದರಲ್ಲ, ಆ ಹಬ್ಬ ಜನವರಿ 6ಕ್ಕೆ, ಅದು ಮುಗಿದರೆ ಇಳಿಸೋದೇ ಅಂದರು. ಎಷ್ಟು ಅಚ್ಚುಕಟ್ಟು! ನಮಗೆ ಒಂದು ಹಬ್ಬ ಮುಗಿಯೋದೇ ಇನ್ನೊಂದಕ್ಕೆ ದಾರಿ ಬಿಡೋಕೆ. ಸಂಕ್ರಾಂತಿ ಆಗಲಿ ಅಂದೆವು. ಆಮೇಲೆ ರಥಸಪ್ತಮಿ. ಸಿದ್ಧಗಂಗೆ ಜಾತ್ರೆಗೆ ನೆಂಟರು ಬರ್ತಾರೆ, ಶಿವರಾತ್ರಿ ತನಕ ಇರಲಿ ಬಿಡು ಅಂತಲೂ ಆಯ್ತು. ಇದನ್ನು ಹೇಳಿದ್ದು ಅಮ್ಮನಲ್ಲ, ನಾನೇ.

ಒಂದು ವಿಷಯ ನನ್ನ ತಲೆಗೆ ಹೋಗಿರಲಿಲ್ಲ. ಧನುರ್ಮಾಸದಲ್ಲಿ ಮನೆ ಮುಂದೆ ಲೈಟ್ ಇದ್ದರೆ ಯಾರೂ ಏನೂ ಅಂದುಕೊಳ್ಳಲ್ಲ. ಆಗ ಮದುವೆ ಮುಹೂರ್ತ ಇರಲ್ಲ. ಮಾಘ ಹುಟ್ಟಿತು ಅಂದರೆ ಮುಗೀತು. ಲೈಟ್ ಇರೋ ಮನೆ ಮದುವೆ ಮನೆಯೇ.

ಮೊದಲು ಬಂದವನು ಬ್ಯಾಂಡ್‌ಸೆಟ್‌ನವನು. ಬುಕ್ ಆಗಿದೆಯಾ ಸರ್ ಅಂತ ಕಾರ್ಡ್ ಕೊಟ್ಟು ಹೋದ. ಒಂದು ಸಂಜೆ ರೇಷ್ಮೆ ಸೀರೆ ಉಟ್ಟ ಹೆಂಗಸು, ಇಸ್ತ್ರಿ ಪಂಚೆಯ ಗಂಡಸು ಗೇಟಿನೊಳಗೆ ಚಪ್ಪಲಿ ಬಿಟ್ಟು ಸೀದಾ ಬಂದು ಕೂತರು. "ನಾಳೆ ಚೌಟ್ರಿಗೆ ಬರೋಕಾಗಲ್ಲ, ಅದಕ್ಕೆ ಮನೇಗೇ ಬಂದ್ವಿ" ಅಂದರು. ನನ್ನ ಕಡೆಯ ನೆಂಟರು ಅಂತ ಹೆಂಡತಿ ಅಂದುಕೊಂಡಳು, ಅವಳ ಕಡೆಯವರು ಅಂತ ನಾನು. ಕಾಫಿ ಕುಡಿದಾದ ಮೇಲೆ ಆಯಮ್ಮ "ಎಲ್ಲಿ, ಹುಡುಗಿ ಕಾಣ್ತಿಲ್ಲ?" ಅಂದಾಗಲೇ ಗೊತ್ತಾಗಿದ್ದು, ಅವರು ಬಂದಿದ್ದು ಹಿಂದಿನ ರಸ್ತೆಯ ಮದುವೆಗೆ. ಅಷ್ಟರಲ್ಲಿ ಮುಯ್ಯಿ ಕವರ್ ಅಮ್ಮನ ಕೈ ಸೇರಿತ್ತು. ಹೇಗೆ ವಾಪಸ್ ಕೇಳೋದು ಅಂತ ಅವರಿಗೆ ಸಂಕೋಚ. ಹೇಗೆ ಕೊಡೋದು ಅಂತ ನಮಗೆ. ಅಮ್ಮ ಮಾತ್ರ ಅದನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದರು.

ಎರಡು ದಿನಕ್ಕೆ ಗುಬ್ಬಿಯಿಂದ ಅಕ್ಕನ ಫೋನು. "ನಿನ್ನ ಮಗಳ ಮದುವೆ ಸುದ್ದಿ ನಾನು ಬಸ್ಸಲ್ಲಿ ಯಾರ್‌ಯಾರದೋ ಬಾಯಲ್ಲಿ ಕೇಳ್ಬೇಕೇನೋ?" ಇಲ್ಲ ಕಣಕ್ಕಾ, ಅದು ದೀಪಾವಳಿದು ಅಂದೆ. "ಶಿವರಾತ್ರಿಗೆ ಯಾವ ದೀಪಾವಳಿಯೋ?" ಅಂತ ಫೋನ್ ಇಟ್ಟಳು. ರಾತ್ರಿ ಬೆಂಗಳೂರಿಂದ ಮಗಳು ಮಾಡಿದಳು. "ಅಪ್ಪಾ, ಅತ್ತೆ ಕಂಗ್ರಾಟ್ಸ್ ಹೇಳಿದ್ರು. ಹುಡುಗ ಯಾರು ಅಂತ ನಂಗೂ ಹೇಳಿಬಿಡಿ."

ಭಾನುವಾರ ಏಣಿ ಮತ್ತೆ ಬಂತು. ಕಟ್ಟುವಾಗ ಸೆಲ್ಲೋಟೇಪ್ ಹಾಕಿದ್ದೆ. ಕಿತ್ತರೆ ಟೇಪಿನ ಜೊತೆ ಅಂಗೈ ಅಗಲ ಪೇಂಟೂ ಬಂತು. ಕಾಂಪೌಂಡ್ ಪಕ್ಕದ ಮಲ್ಲಿಗೆ ಬಳ್ಳಿ ಇಷ್ಟು ದಿನದಲ್ಲಿ ವೈರಿಗೆ ಸುತ್ತಿಕೊಂಡು ಸಜ್ಜಾ ತನಕ ಹೋಗಿತ್ತು. ಕತ್ತರಿ ತೆಗೆದೆ. "ಮೊಗ್ಗು ಬಿಡ್ತಿದೆ, ಬಳ್ಳಿಗೆ ಕತ್ತರಿ ಹಾಕಿದ್ರೆ ನೋಡಿ!" ಅಂತ ಕೆಳಗಿಂದ ಕೂಗು. ವೈರನ್ನು ಕತ್ತರಿಸೋಕೆ ನನಗೆ ಮನಸ್ಸಿಲ್ಲ. ಅದು ಇನ್ನೂ ಚೆನ್ನಾಗಿ ಉರಿಯುತ್ತಿತ್ತಲ್ಲ. ಏಣಿ ಮೇಲೆ ನಿಂತು ಒಂದೊಂದೇ ಸುತ್ತು ಬಿಡಿಸಿದೆ. ಮುಗಿಯುವಾಗ ಮಧ್ಯಾಹ್ನ ಎರಡು ಗಂಟೆ. ಸೆಟ್ಟನ್ನು ರಟ್ಟಿಗೆ ಸುತ್ತಿ ಅಟ್ಟಕ್ಕೆ ಹಾಕಿದೆ. ರಾತ್ರಿ ಮನೆ ಮುಂದೆ ಕತ್ತಲು. ಎಷ್ಟು ಹಾಯಾಗಿತ್ತು ಅಂದರೆ, ಸುಮ್ನೆ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತುಕೊಂಡೆ.

ಬೆಳಿಗ್ಗೆ ಹಾಲು ತರೋಕೆ ಗೇಟ್ ತೆಗೆದರೆ ಎದುರು ಮನೆ ಮೇಷ್ಟ್ರು. ಮೊದಲು ನಮ್ಮ ಸಜ್ಜಾ ನೋಡಿದರು, ಆಮೇಲೆ ನನ್ನ ಮುಖ. ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟು, ದನಿ ತಗ್ಗಿಸಿ ಕೇಳಿದರು.

"ಯಾಕೆ ಸರ್, ಸಂಬಂಧ ಮುರಿದು ಹೋಯ್ತಾ?"