ಮನೆಗೆ ಮಗ್ಗ ತರುವ ಮೊದಲು

ನೇಯ್ಗೆ ಕಲಿಯುವ ಆಸೆಯಿರುವವರು ಮೊದಲು ಕೇಳುವುದು ಎಷ್ಟು ಅಗಲದ ಮಗ್ಗ ತಗೊಳ್ಳಲಿ ಅಂತ. ನಾನಾದರೆ ಮೊದಲು ಜಾಗ ನೋಡುತ್ತೇನೆ. ಹಾಸು, ಅಂದರೆ ಉದ್ದಕ್ಕೆ ಬಿಗಿಯುವ ಎಳೆಗಳನ್ನು, ಹೂಡಿದ ಮಗ್ಗ ವಾರಗಟ್ಟಲೆ ಕದಲದೆ ನಿಲ್ಲೋಕೆ ಮನೆಯಲ್ಲಿ ಒಂದು ಮೂಲೆ ಇದೆಯಾ? ಊಟದ ಹೊತ್ತಿಗೆಲ್ಲ ಮೇಜಿನಿಂದ ಎತ್ತಿಡಬೇಕಾದರೆ ಅದು ಬೇಗ ಅಟ್ಟ ಸೇರುತ್ತದೆ.

ಇಳಕಲ್ಲಿನ ಸೀರೆ ನೇಯುವ ಕುಣಿ ಮಗ್ಗ ನೋಡಿ ಅಂಥದ್ದೇ ಬೇಕು ಅನ್ನುವವರಿದ್ದಾರೆ. ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅದು ಇಡೀ ಮನೆಮಂದಿ ಕೈ ಹಚ್ಚುವ ಕಸುಬಿನ ಮಗ್ಗ. ಅಲ್ಲಿ ಸೀರೆಯ ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಹಾಗಾಗಿ ಒಂದೊಂದು ಸೀರೆಗೂ ಆ ಕೆಲಸ ಹೊಸದಾಗಿ ಮಾಡಬೇಕು. ಮಹಡಿ ಮನೆಯಲ್ಲಿ ಕಾಲು ಇಳಿಬಿಡೋಕೆ ಕುಣಿ ತೋಡುವುದಂತೂ ಆಗದ ಮಾತು.

ಶುರುವಿಗೆ ಒಂದೇ ಹಣಿಗೆಯ ಮೇಜಿನ ಮಗ್ಗ ಸಾಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಹಣಿಗೆ ಅಂದರೆ ಹಾಸಿನ ಎಳೆಗಳನ್ನು ಹಿಡಿಯುವ ಬಾಚಣಿಗೆಯಂಥ ಚೌಕಟ್ಟು. ಅದರಲ್ಲಿ ಒಂದು ಸೀಳು, ಒಂದು ತೂತು, ಮತ್ತೆ ಸೀಳು, ಹೀಗೆ ಸಾಲಾಗಿರುತ್ತವೆ. ಒಂದು ಎಳೆ ಸೀಳಿನಲ್ಲಿ, ಪಕ್ಕದ್ದು ತೂತಿನಲ್ಲಿ. ಹಣಿಗೆ ಎತ್ತಿದರೆ ತೂತಿನ ಎಳೆಗಳು ಏಳುತ್ತವೆ, ಒತ್ತಿದರೆ ಇಳಿಯುತ್ತವೆ. ಎರಡು ಸಲವೂ ಅಡ್ಡ ನೂಲು ಒಯ್ಯುವ ಲಾಳಿಗೆ ದಾರಿ ಬಿಡುತ್ತದೆ. ಹೊಕ್ಕಿನ, ಅಂದರೆ ಆ ಅಡ್ಡ, ನೂಲನ್ನು ಬಡಿದು ಕೂರಿಸುವುದೂ ಅದೇ ಹಣಿಗೆ. ಎಷ್ಟು ಚೆಂದದ ಯೋಚನೆ ಅಲ್ವಾ?

15 ಇಂಚು ಅಗಲಕ್ಕೆ, ಇಂಚಿಗೆ 10 ಎಳೆಯಂತೆ, 150 ಎಳೆ ಬೇಕು. ಒಂದೊಂದನ್ನೂ ಕೈಯಾರೆ ಪೋಣಿಸಬೇಕು. 30 ಇಂಚಾದರೆ 300! ಹೊಸಬರು ಸೋಲುವುದು ನೇಯುವಾಗಲ್ಲ, ಇಲ್ಲಿ. ಮಗ್ಗದಿಂದ ಇಳಿಸಿ ಒಗೆದ ಮೇಲೆ ಬಟ್ಟೆ ಇನ್ನಷ್ಟು ಕಿರಿದಾಗುತ್ತದೆ, ಆ ಲೆಕ್ಕವೂ ಇರಲಿ. ಸೀರೆಯ ಸಣ್ಣ ನೂಲು ಈ ಹಣಿಗೆಗೆ ಬೇಡ, ಬಟ್ಟೆ ಜಾಳು ಜಾಳಾಗುತ್ತದೆ. ದಪ್ಪ ಹತ್ತಿ ನೂಲು ತನ್ನಿ.

ಜೀನ್ಸ್ ಬಟ್ಟೆಯಲ್ಲಿರುವಂಥ ಓರೆ ಗೆರೆ ಬೇಕೆನ್ನುವವರು, ಕಾಲಲ್ಲಿ ತುಳಿಯುವ ದೊಡ್ಡ ಮಗ್ಗಕ್ಕೆ ಆಮೇಲೆ ಹೋಗಬಹುದು. ಜಮಖಾನದ ಆಸೆಯಿದ್ದರೆ ನವಲಗುಂದ ನೆನಪಿಸಿಕೊಳ್ಳಿ. ಅಲ್ಲಿನ ಹೆಂಗಸರು ಮನೆಯಲ್ಲೇ ನೇಯುವುದು ನೆಟ್ಟಗೆ ನಿಂತ ಮಗ್ಗದಲ್ಲಿ. ಅಂಥದ್ದರ ಚಿಕ್ಕ ಚೌಕಟ್ಟು ಗೋಡೆ ಪಕ್ಕ ನಿಲ್ಲುತ್ತದೆ, ನೆಲ ಹೆಚ್ಚು ತಿನ್ನುವುದಿಲ್ಲ.

ಹಳೆಯ ಮಗ್ಗ ಸಿಕ್ಕರೆ ಖಂಡಿತ ತಗೊಳ್ಳಿ. ಆದರೆ ಹಾಸು ಸುತ್ತುವ ಉರುಳೆ ಸೊಟ್ಟಗಾಗಿದ್ದರೆ ಬೇಡ, ಹಾಸು ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಸಡಿಲವಾಗುತ್ತದೆ. ಉರುಳೆ ತಡೆಯುವ ಹಲ್ಲುಚಕ್ರ ಜಾರುತ್ತಾ ಅಂತಲೂ ನೋಡಿ. ಮೈಸೂರು, ಬೆಂಗಳೂರಿನ ಕಡೆ ಯಾರ ಹತ್ತಿರವಾದರೂ ಸುಮ್ನೆ ಕೂತಿರುವ ಮೇಜಿನ ಮಗ್ಗ ಇದ್ದರೆ ಕಾಮೆಂಟಿನಲ್ಲಿ ಹೇಳಿ, ಕಲಿಯಲು ಕಾದಿರುವವರಿದ್ದಾರೆ.