ಸ್ಪಷ್ಟನೆ: ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬ್ ಶಾಕ್ ಹೊಡೆಯಬಹುದು

‘ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ, ಆಮೇಲೆ ಸಿಆರ್‌ಟಿ ಒಳಗೆ ಎಲ್ಲಿ ಬೇಕಾದರೂ ಕೈ ಹಾಕಿ.’ ಹಳೇ ಟಿವಿಯ ಪಿಕ್ಚರ್ ಟ್ಯೂಬ್ (ಸಿಆರ್‌ಟಿ) ಹಾಕಿ ಮನೆಯಲ್ಲೇ ಆರ್ಕೇಡ್ ಪೆಟ್ಟಿಗೆ (ವಿಡಿಯೋ ಗೇಮ್ ಯಂತ್ರ) ಕಟ್ಟುವ ಬೆಳಗಾವಿ ಹುಡುಗರ ವಾಟ್ಸಾಪ್‌ನಲ್ಲಿ ಈ ಮಾತು ಓಡಾಡುತ್ತಿದೆ. ಇದು ತಪ್ಪು.

ಬಣ್ಣದ ಟ್ಯೂಬಿನ ಆನೋಡ್‌ಗೆ (ರಬ್ಬರ್ ಟೋಪಿ ಮುಚ್ಚಿದ ಹೈವೋಲ್ಟೇಜ್ ತುದಿಗೆ) ಸಾಮಾನ್ಯವಾಗಿ 20 ಸಾವಿರ ವೋಲ್ಟ್‌ಗಿಂತ ಜಾಸ್ತಿ ಹೋಗುತ್ತದೆ. ಟ್ಯೂಬೇ ಕೆಪಾಸಿಟರ್ ತರಹ ಆ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ. ಕೆಲವು ಸೆಟ್‌ಗಳಲ್ಲಿ ಅದನ್ನು ಇಳಿಸುವ ರೆಸಿಸ್ಟರ್ ಇರುತ್ತದೆ, ಕೆಲವದರಲ್ಲಿ ಇಲ್ಲ. ಹೊರಗಿಂದ ನೋಡಿದರೆ ಗೊತ್ತಾಗಲ್ಲ. ಹಾಗಾಗಿ ಸುಮ್ನೆ ಗಡಿಯಾರ ನೋಡಿ ಪ್ರಯೋಜನವಿಲ್ಲ, ಪ್ಲಗ್ ಕಿತ್ತ ಮೇಲೆ ಡಿಸ್‌ಚಾರ್ಜ್ ಮಾಡಲೇಬೇಕು, ಅಂದರೆ ಆ ಚಾರ್ಜ್ ಇಳಿಸಲೇಬೇಕು.

ಟ್ಯೂಬಿನ ಹಿಂಬದಿಯ ಕಪ್ಪು ಲೇಪದ ಮೇಲೆ ಹೆಣೆದ ತಂತಿಯೊಂದು ಹಾದಿರುತ್ತದೆ. ಕ್ಲಿಪ್ ವೈರಿನ ಒಂದು ತುದಿ ಅದಕ್ಕೆ, ಇನ್ನೊಂದು ತುದಿ ಉದ್ದ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನ ಕಂಬಿಗೆ. ಒಂದೇ ಕೈಯಲ್ಲಿ ಹಿಡಿದು ಆನೋಡ್‌ನ ರಬ್ಬರ್ ಟೋಪಿಯಡಿ ತೂರಿಸಿ, ಒಳಗಿನ ಲೋಹಕ್ಕೆ ತಾಗಿಸಿ. ಟಪ್ ಅನ್ನಬಹುದು, ಅನ್ನದೆಯೂ ಇರಬಹುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಮಾಡಿ, ಉಳಿದ ಚಾರ್ಜ್ ಮತ್ತೆ ಕೂಡಿಕೊಳ್ಳುತ್ತದೆ. ಪವರ್ ಭಾಗದ ದೊಡ್ಡ ಕೆಪಾಸಿಟರ್ ಬೇರೆ, ಅದಕ್ಕೆ ಮೀಟರ್ ಹಚ್ಚಿ ಚಾರ್ಜ್ ಉಳಿದಿದೆಯಾ ನೋಡಿ. ಮೊದಲ ಸಲವಾದರೆ ಹಳೇ ಟಿವಿ ಮೆಕ್ಯಾನಿಕ್ ಒಬ್ಬರನ್ನು ಕರೆಯಿರಿ, ನಾಚಿಕೆ ಏನಿಲ್ಲ.

ಅದೇ ಮೆಸೇಜಿನ ಇನ್ನೊಂದು ಸಲಹೆ: ‘ಚಿತ್ರ ಮಂದ ಇದ್ದರೆ ಸ್ಕ್ರೀನ್ ತಿರುಪು ಪೂರ್ತಿ ಏರಿಸಿ.’ ಅದೂ ಬೇಡ. ಸ್ಕ್ರೀನ್ ತಿರುಪು ಅಂದರೆ ಸೆಟ್ ಒಳಗೆ ಚಿತ್ರದ ಬೆಳಕು ಹೊಂದಿಸುವ ಸಣ್ಣ ತಿರುಪು. ಏರಿಸುತ್ತಾ ಹೋದರೆ ತೆಳ್ಳಗಿನ ಓರೆ ಗೆರೆಗಳು ಮೂಡುತ್ತವೆ, ಅವು ಮಾಯವಾಗುವಷ್ಟು ಇಳಿಸಿ ಬಿಡಿ. ಸೆಟ್ ಆನ್ ಇರುವಾಗಲೇ ಮಾಡುವ ಕೆಲಸ ಇದು, ಹಾಗಾಗಿ ಪ್ಲಾಸ್ಟಿಕ್ ತಿರುಪುಳಿಯನ್ನೇ ಬಳಸಿ.